ಹಂಚಿನ ಮನೆಯಲ್ಲಿ ಹಳೆಯ ಸ್ಪೀಕರ್ ಜೋಡಿಗೆ ಹೊಸ ಸೌಂಡ್‌ಬಾರ್

ತೀರ್ಥಹಳ್ಳಿ ಸಮೀಪದ ನಮ್ಮ ಹಂಚಿನ ಮನೆಯಲ್ಲಿ ಸೋನೋಸ್ ಕಂಪನಿಯ ಪ್ಲೇ:1 ಎಂಬ ವೈ-ಫೈ ಸ್ಪೀಕರ್‌ಗಳ ಜೋಡಿಯೊಂದು 8 ವರ್ಷಗಳಿಂದ ಹಾಡುತ್ತಿದೆ. ಮಳೆಗಾಲದಲ್ಲಿ ಹಂಚಿನ ಮೇಲೆ ಸುರಿಯುವ ಮಳೆಯ ಸದ್ದಿಗೆ ಟಿವಿಯ ಮಾತು ಕೇಳಿಸದಂತಾದಾಗ, ಹಳೆಯದನ್ನು ಮಾರಿ ಪೂರ್ತಿ ಹೊಸ ಸೆಟ್ ಕೊಳ್ಳಿರೆಂದು ಶಿವಮೊಗ್ಗದ ಅಂಗಡಿಯೊಂದರಲ್ಲಿ ಹೇಳಿದರು. ಆ ಮಾತು ಕೇಳದಿದ್ದದ್ದೇ ಒಳ್ಳೆಯದಾಯಿತು. 2013ರ ಪ್ಲೇ:1 ಸ್ಪೀಕರ್ 2020ರಲ್ಲಿ ಬಂದ ಸೋನೋಸ್‌ನ ಹೊಸ ಎಸ್2 ಆ್ಯಪ್‌ನಲ್ಲೂ ನಡೆಯುತ್ತದೆ. ಮುಂದೆ ಸೋನೋಸ್‌ನದೇ ಸೌಂಡ್‌ಬಾರ್ (ಟಿವಿಯ ಕೆಳಗಿಡುವ ಉದ್ದನೆಯ ಸ್ಪೀಕರ್) ಇಟ್ಟರೆ ಹಳೆಯ ಎರಡೂ ಹಿಂಬದಿಯಿಂದ ಧ್ವನಿ ಕೊಡುವ ಸರೌಂಡ್ ಸ್ಪೀಕರ್‌ಗಳಾಗುತ್ತವೆ. ಅದೇ ಕಂಪನಿಯ ಮೊದಲ ತಲೆಮಾರಿನ ಪ್ಲೇ:5 ಸ್ಪೀಕರ್ ಮಾತ್ರ ಹಳೆಯ ಎಸ್1 ಆ್ಯಪ್‌ನಲ್ಲೇ ಉಳಿದಿರುವುದರಿಂದ ಹೀಗೆ ಸೇರುವುದಿಲ್ಲ.

ನಾನು ಆರಿಸಿದ್ದು ಸೋನೋಸ್‌ನ ಎರಡನೇ ತಲೆಮಾರಿನ ಬೀಮ್ ಸೌಂಡ್‌ಬಾರ್. ಅದಕ್ಕಿಂತ ದೊಡ್ಡದಾದ ಆರ್ಕ್ ಸೌಂಡ್‌ಬಾರ್‌ನಲ್ಲಿ ಧ್ವನಿಯನ್ನು ಮೇಲಕ್ಕೆ ಚಿಮ್ಮಿಸುವ ಡ್ರೈವರ್‌ಗಳಿವೆ; ಆ ಧ್ವನಿ ಸಮತಟ್ಟಾದ ಛಾವಣಿಗೆ ಬಡಿದು ಕೂತವರ ಕಡೆಗೆ ಮರಳಬೇಕು. ಇಳಿಜಾರು ಮಾಡಿಗೆ ರೀಪು ಹೊಡೆದು ಹಂಚು ಹೊದಿಸಿದ ಮನೆಯಲ್ಲಿ ಅದು ಸರಿಯಾಗಿ ಮರಳುವುದಾದರೂ ಹೇಗೆ? ತಾರಸಿ ಮನೆಯವರ ಲೆಕ್ಕ ಬೇರೆ.

ಟಿವಿಗೆ ಒಂದು ಎಚ್‌ಡಿಎಂಐ ಕೇಬಲ್, ಹಿಂದಿನ ಎರಡಕ್ಕೂ ಒಂದೊಂದು ಪ್ಲಗ್ ಪಾಯಿಂಟ್, ಜೋಡಣೆ ಇಷ್ಟೇ. ಆದರೆ ರೌಟರ್ ಜಗುಲಿಯಲ್ಲಿದ್ದು, ನಡುವೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಇದ್ದುದರಿಂದ ಮೊದಲ ವಾರ ಹಾಡು ಆಗಾಗ ತುಂಡಾಗುತ್ತಿತ್ತು. ಬಾಗಿಲ ಚೌಕಟ್ಟಿನ ಅಂಚಿನಲ್ಲೇ ಲ್ಯಾನ್ ಕೇಬಲ್ ಎಳೆದು ಬೀಮ್‌ಗೆ ಚುಚ್ಚಿದ ಮೇಲೆ ಆ ತೊಂದರೆ ತಪ್ಪಿತು. ಹಿಂದಿನ ಎರಡು ಸ್ಪೀಕರ್‌ಗಳು ಬೀಮ್‌ನಿಂದಲೇ ನೇರವಾಗಿ ಧ್ವನಿ ಪಡೆಯುವುದರಿಂದ ಅವುಗಳಿಗೆ ಬೇರೆ ಕೇಬಲ್ ಬೇಕಾಗಲಿಲ್ಲ.

ಸಿನಿಮಾದ ಮಾತುಗಳು ಈಗ ಜಡಿಮಳೆಯಲ್ಲೂ ಸ್ಪಷ್ಟವಾಗಿ ಕೇಳುತ್ತವೆ. ಸಂಗೀತದ ವಿಷಯದಲ್ಲಿ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಆ್ಯಪ್‌ನಲ್ಲಿ ಸರೌಂಡ್‌ಗೆ ಆ್ಯಂಬಿಯೆಂಟ್, ಫುಲ್ ಎಂಬ ಎರಡು ಆಯ್ಕೆಗಳಿದ್ದು, ಆ್ಯಂಬಿಯೆಂಟ್‌ನಲ್ಲಿ ಹಿಂದಿನ ಸ್ಪೀಕರ್‌ಗಳು ಹಾಡಿಗೆ ಬರೀ ಪಿಸುಗುಟ್ಟುತ್ತವೆ. ಫುಲ್ ಮಾಡಿ ಯಕ್ಷಗಾನದ ಧ್ವನಿಮುದ್ರಣವೊಂದನ್ನು ಹಾಕಿದಾಗ ಹಿಂದಿನ ಮಂಚದಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅಮ್ಮ, "ಭಾಗವತರು ನನ್ನ ಬೆನ್ನ ಹಿಂದೇ ಕೂತ ಹಾಗಾಯ್ತಲ್ಲ ಮಾರಾಯ" ಎಂದು ತಿರುಗಿ ನೋಡಿದರು. ಹಿಂದಿನ ಸ್ಪೀಕರ್‌ಗಳ ಧ್ವನಿಮಟ್ಟವನ್ನು ನಾಲ್ಕೈದು ಹೆಜ್ಜೆ ಇಳಿಸಿದ ಮೇಲೆ ಭಾಗವತರ ಪದ ಮುಂದೆ ನಿಂತಿತು, ಚೆಂಡೆ ಇಡೀ ಕೋಣೆಯನ್ನು ತುಂಬಿತು. ಆದರೂ ಹಳೆಯ ಜೋಡಿ ಸ್ಟೀರಿಯೋ ಆಗಿ ಎದುರಿಗಿದ್ದಾಗ ಎಡಬಲದ ವಾದ್ಯಗಳು ಬೇರೆಬೇರೆಯಾಗಿ ಕೇಳುತ್ತಿದ್ದ ಸುಖವನ್ನು ಸುಮಾರು 65 ಸೆಂಟಿಮೀಟರ್ ಅಗಲದ ಬೀಮ್ ಕೊಡಲಾರದು. ಸಂಗೀತವೇ ಮುಖ್ಯವೆನ್ನುವವರು ಇದನ್ನು ಯೋಚಿಸಿಯೇ ಮುಂದುವರಿಯಬೇಕು.

ಕರೆಂಟ್ ಹೋಗಿ ಬಂದರೆ ಮೂರೂ ತಾವಾಗಿಯೇ ಜೊತೆಗೂಡುತ್ತವೆ. ಸಿಡಿಲಿನ ದಿನಗಳಲ್ಲಿ ಮಾತ್ರ ಮೂರು ಪ್ಲಗ್‌ಗಳೊಂದಿಗೆ ಆ ಲ್ಯಾನ್ ಕೇಬಲನ್ನೂ ಮರೆಯದೆ ಕಿತ್ತಿಡುತ್ತೇನೆ.