ಮ್ಯೂಸಿಯಂ ಸಂಜೆಗೆ ಟಿಕೆಟ್ ಕೊಳ್ಳುವ ಮುನ್ನ, ಅಲ್ಲಿ ಅಡುಗೆಗೆ ಒಪ್ಪಿಕೊಳ್ಳುವ ಮುನ್ನ

ಸ್ಥಳೀಯ ಮಹಿಳಾ ಬಾಣಸಿಗರ ಅಡುಗೆ, ಕಲೆ ಮತ್ತು ಸಂಗೀತವನ್ನು ಒಂದೇ ಸಂಜೆಯಲ್ಲಿ ಸವಿಯಬಹುದೆಂದು ಕರೆಯುವ ಮ್ಯೂಸಿಯಂ ಕಾರ್ಯಕ್ರಮಗಳಿಗೆ ಹೋಗುವವರು, ಅದಕ್ಕಿಂತ ಹೆಚ್ಚಾಗಿ ಅಲ್ಲಿ ಅಡುಗೆ ಮಾಡಲು ಒಪ್ಪಿಕೊಳ್ಳುವ ಹೆಣ್ಣುಮಕ್ಕಳು, ಕೆಲವು ಸಂಗತಿಗಳನ್ನು ಮೊದಲೇ ಬರಹದಲ್ಲಿ ಕೇಳಿ ಪಡೆಯಬೇಕು. ನನ್ನ ಅತ್ತಿಗೆ ಅಂಥ ಒಂದು ಸಂಜೆಯಲ್ಲಿ ಅಡುಗೆ ಮಾಡಿದರು. ನಾನು ಟಿಕೆಟ್ ಕೊಂಡು ಹೋದೆ. ಹೀಗಾಗಿ ಮೇಜಿನ ಎರಡೂ ಬದಿಯಿಂದ ಕಂಡದ್ದನ್ನು ಬರೆಯುತ್ತಿದ್ದೇನೆ.

ಪ್ರಕಟಣೆಯಲ್ಲಿ ಅಡುಗೆ ಮಾಡುವ ಹೆಂಗಸರ ಚಿತ್ರಗಳು ದೊಡ್ಡದಾಗಿಯೇ ಇದ್ದವು. ಕಲಾವಿದರ ಹೆಸರಿತ್ತು, ಸಂಗೀತ ತಂಡದ ಹೆಸರಿತ್ತು, ಪ್ರಾಯೋಜಕರ ಗುರುತುಗಳು ಸಾಲಾಗಿ ಇದ್ದವು; ಅಡುಗೆಯವರ ಹೆಸರು ಮಾತ್ರ ಇರಲಿಲ್ಲ. ಸಭಾಂಗಣದಲ್ಲೂ ಅದೇ ಕಥೆ. ಪ್ರತಿ ಮೇಜಿನ ಮೇಲೆ ಸಂಖ್ಯೆ ಮತ್ತು ತಿನಿಸಿನ ಹೆಸರಿದ್ದ ದಪ್ಪ ಕಾರ್ಡನ್ನು ನಿಲ್ಲಿಸಿದ್ದರು. ಅತ್ತಿಗೆ ಸ್ಕೆಚ್ ಪೆನ್ನು ತೆಗೆದುಕೊಂಡು ಅದರ ಕೆಳಗೆ ತಮ್ಮ ಹೆಸರು ಬರೆದರು. ಸ್ವಲ್ಪ ಹೊತ್ತಿನಲ್ಲೇ ಒಬ್ಬ ಸ್ವಯಂಸೇವಕ ಬಂದು, "ಮೇಡಂ, ಎಲ್ಲಾ ಮೇಜೂ ಒಂದೇ ರೀತಿ ಕಾಣಬೇಕು ಅಂದಿದ್ದಾರೆ" ಎಂದು ಕಾರ್ಡು ಬದಲಾಯಿಸಿ ಹೋದ. ಆ ಮೇಜಿನ ಹಿಂದಿನ ಗೋಡೆಯಲ್ಲಿದ್ದ ಪ್ರತಿ ಚಿತ್ರದ ಪಕ್ಕದಲ್ಲೂ ಬಿಡಿಸಿದವರ ಹೆಸರು, ವರ್ಷ, ಬಳಸಿದ ಮಾಧ್ಯಮ ಎಲ್ಲವನ್ನೂ ನಮೂದಿಸಿದ್ದರು. ಯಾರ ಕೈಯಿಂದ ಏನು ಬಂತೆಂದು ದಾಖಲಿಸುವುದೇ ಮ್ಯೂಸಿಯಮ್ಮಿನ ಮೊದಲ ಕೆಲಸವಾಗಿರುವಾಗ, ಅದೇ ಕೋಣೆಯಲ್ಲಿ ನಿಂತು ದುಡಿಯುತ್ತಿದ್ದವರಿಗೆ ಆ ಮರ್ಯಾದೆ ಸಿಗದಿದ್ದುದು ನನಗೆ ಬಹಳ ನೋವು ಕೊಟ್ಟಿತು.

ಜೂಡಿ ಶಿಕಾಗೋ ಎಂಬ ಕಲಾವಿದೆ 1974ರಿಂದ 1979ರವರೆಗೆ ಹಲವರ ನೆರವಿನಿಂದ ರೂಪಿಸಿದ 'ದಿ ಡಿನ್ನರ್ ಪಾರ್ಟಿ' ಎಂಬ ಕಲಾಕೃತಿ 2007ರಿಂದ ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಮ್ಮಿನಲ್ಲಿ ಕಾಯಂ ಪ್ರದರ್ಶನದಲ್ಲಿದೆ. ತ್ರಿಕೋನಾಕಾರದ ಊಟದ ಮೇಜು. 39 ಆಸನಗಳು, ಒಂದೊಂದೂ ಚರಿತ್ರೆಯ ಅಥವಾ ಪುರಾಣದ ಒಬ್ಬ ಹೆಣ್ಣಿನ ಹೆಸರಿನಲ್ಲಿ. ಕೆಳಗಿನ ನೆಲಹಾಸಿನ ಮೇಲೆ ಇನ್ನೂ 999 ಹೆಸರುಗಳು. ಊಟದ ಮೇಜಿನ ಮೂಲಕ ಹೆಣ್ಣನ್ನು ಗೌರವಿಸುವುದೆಂದರೆ ಮೊದಲು ಅವಳ ಹೆಸರು ಹೇಳುವುದು ಎಂದು ಮ್ಯೂಸಿಯಂ ಲೋಕಕ್ಕೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಅಡುಗೆಯನ್ನೇ ವೃತ್ತಿ ಮಾಡಿಕೊಂಡವರಿಗೆ ಹೆಸರೇ ಬಂಡವಾಳ. 1933ರಲ್ಲಿ ಎರಡು ರೆಸ್ಟೋರೆಂಟುಗಳಿಗೆ ತಲಾ ಮೂರರಂತೆ ಆರು ಮಿಶೆಲಿನ್ ತಾರೆಗಳನ್ನು (ಒಳ್ಳೆಯ ಅಡುಗೆಗೆ ಮಿಶೆಲಿನ್ ಕೈಪಿಡಿ ಕೊಡುವ ಮನ್ನಣೆ) ಪಡೆದ ಫ್ರಾನ್ಸಿನ ಯೂಜೆನಿ ಬ್ರಾಜಿಯೆ ತಮ್ಮ ಹೆಸರನ್ನೇ ಬೋರ್ಡಿನ ಮೇಲೆ ಬರೆಸಿದ್ದರು. ಸಂಜೆ ತಿಂದು ಮೆಚ್ಚಿದವರು ಮರುದಿನ ಹುಡುಕಿಕೊಂಡು ಬರಬೇಕಾದರೆ ಮೇಜಿನ ಸಂಖ್ಯೆಯಿಂದ ಏನೂ ಪ್ರಯೋಜನವಿಲ್ಲ.

ಇನ್ನು ಅಡುಗೆಯ ವ್ಯವಸ್ಥೆ. ಸಂಗ್ರಹದ ರಕ್ಷಣೆಗಾಗಿ ಮ್ಯೂಸಿಯಮ್ಮುಗಳಲ್ಲಿ ಬೆಂಕಿಯ ಒಲೆಗೆ ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ, ಅದು ಸರಿಯೇ. ಆದರೆ ಅದಕ್ಕೆ ಬದಲಿ ಏನೆಂಬುದನ್ನು ಯೋಚಿಸುವ ಹೊಣೆ ಕರೆದವರದು. ನಮ್ಮ ಸಾಲಿನ ಮೇಜುಗಳಿಗೆಲ್ಲ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಿಂದ ವಿದ್ಯುತ್ ಕೊಟ್ಟಿದ್ದರು. 2,000 ವ್ಯಾಟಿನ ಇಂಡಕ್ಷನ್ ಒಲೆಯೊಂದು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಮೂರು ಒಲೆಗಳನ್ನು ಒಟ್ಟಿಗೆ ಹಚ್ಚಿದರೆ 26 ಆಂಪಿಯರ್ ಆಗುತ್ತದೆ, 16 ಆಂಪಿಯರಿನ ಲೈನು ಅದನ್ನು ತಾಳುವುದಿಲ್ಲ. ಹೊರೆ ಹೆಚ್ಚಾದಾಗ ವಿದ್ಯುತ್ತನ್ನು ತಾನೇ ಕಡಿಯುವ ಸ್ವಿಚ್ಚು, ಎಂಸಿಬಿ, ಮತ್ತೆ ಮತ್ತೆ ಬಿತ್ತು. ಕೊನೆಗೆ ಸರದಿಯಂತೆ ಒಂದೊಂದೇ ಒಲೆ ಹಚ್ಚಿಕೊಳ್ಳಿ ಎಂದರು. ಸರದಿ ಬರುವಷ್ಟರಲ್ಲಿ ಅತ್ತಿಗೆಯ ಪಾತ್ರೆ ಉಗುರುಬೆಚ್ಚಗಾಗಿತ್ತು.

ಉಗುರುಬೆಚ್ಚಗಿನ ಆಹಾರವೇ ಹೆಚ್ಚು ಅಪಾಯಕಾರಿ. ರೋಗಾಣುಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ವೇಗವಾಗಿ ಬೆಳೆಯುತ್ತವೆ. ಬೇಯಿಸಿದ ಆಹಾರವನ್ನು ಕೋಣೆಯ ಉಷ್ಣತೆಯಲ್ಲಿ 2 ಗಂಟೆಗಿಂತ ಹೆಚ್ಚು ಇಡಬಾರದು, ಬಡಿಸುವವರೆಗೂ 60 ಡಿಗ್ರಿಗಿಂತ ಬಿಸಿಯಾಗಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉದ್ಘಾಟನೆಯ ಭಾಷಣಗಳು ಮುಗಿಯುವವರೆಗೆ ಬಡಿಸಬಾರದೆಂದು ಅಪ್ಪಣೆಯಾಗಿದ್ದರಿಂದ ಆ ಎರಡು ಗಂಟೆ ಭಾಷಣಗಳಲ್ಲೇ ಕಳೆಯುತ್ತಾ ಬಂತು. ಅತ್ತಿಗೆ ಒಂದು ಪದಾರ್ಥವನ್ನು ಬಡಿಸದೆ ಬದಿಗಿಟ್ಟರು. "ನನ್ನ ಕೈಯಾರೆ ಕೊಟ್ಟು ಯಾರಿಗಾದರೂ ಹೊಟ್ಟೆ ಕೆಟ್ಟರೆ ನಾನು ಏನು ಹೇಳಲಿ, ಹೇಳಮ್ಮ" ಎಂದರು. ಕೈ ತೊಳೆಯುವ ನಲ್ಲಿ ಇನ್ನೊಂದು ಅಂತಸ್ತಿನಲ್ಲಿತ್ತು, ಅಲ್ಲಿಗೆ ಹೋಗಿ ಬರಲು ಮೇಜು ಬಿಟ್ಟು ಹೋಗಬೇಕು, ಮೇಜು ಬಿಟ್ಟರೆ ಸಾಲಿನಲ್ಲಿ ನಿಂತವರು ಗೊಣಗುತ್ತಾರೆ.

ಸಂಗೀತದ ವಿಷಯದಲ್ಲಿ ಕಲಾವಿದರ ಮೇಲೆ ನನ್ನ ದೂರಿಲ್ಲ, ಅವರು ಚೆನ್ನಾಗಿಯೇ ನುಡಿಸಿದರು. ಸ್ಪೀಕರುಗಳನ್ನು ಬಡಿಸುವ ಮೇಜುಗಳ ಪಕ್ಕದಲ್ಲಿಟ್ಟವರ ಮೇಲಿದೆ. ಕಲ್ಲಿನ ನೆಲ, ಎತ್ತರದ ಚಾವಣಿ; ಹೊರಟ ಸದ್ದೆಲ್ಲ ತಿರುಗಿ ಬಂದು ಕಿವಿಗೆ ಬಡಿಯುತ್ತಿತ್ತು. ಸಂಗೀತದ ತಾಣಗಳಲ್ಲಿ 15 ನಿಮಿಷಗಳ ಸರಾಸರಿ ಸದ್ದು 100 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡ ಹೊರಡಿಸಿದೆ. ಮಾತನಾಡಬೇಕಾದ ಜಾಗದಲ್ಲಿ ಅದಕ್ಕಿಂತ ಬಹಳ ಕಡಿಮೆ ಸದ್ದೂ ಹೆಚ್ಚೇ ಆಗುತ್ತದೆ. ಒಬ್ಬ ತಾಯಿ ಮಗುವಿನ ಕೈ ಹಿಡಿದು ಬಂದು ಏನೋ ಕೇಳಿದರು. ಅತ್ತಿಗೆ "ಹೌದು ಹೌದು, ತಗೊಳ್ಳಿ" ಎಂದು ತಟ್ಟೆ ನೀಡಿದರು. ನಾನು ಆ ತಾಯಿಯ ಪಕ್ಕದಲ್ಲೇ ಇದ್ದುದರಿಂದ ಪ್ರಶ್ನೆ ಕೇಳಿಸಿತ್ತು: "ಇದರಲ್ಲಿ ಕಡಲೆಕಾಯಿ ಇಲ್ಲ ತಾನೇ? ಮಗೂಗೆ ಆಗಲ್ಲ." ಕಡಲೆಕಾಯಿ ಇತ್ತು. ತಟ್ಟೆಯನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ. ಅಲರ್ಜಿ ಇರುವವರಿಗೆ ಕಡಲೆಕಾಯಿಯ ಚೂರೊಂದರಿಂದ ಉಸಿರು ಕಟ್ಟಬಹುದು. ಪದಾರ್ಥಗಳ ವಿವರವನ್ನು ಆ ಕಾರ್ಡಿನ ಮೇಲೆ ಮುದ್ರಿಸಿದ್ದರೆ ಸಾಕಿತ್ತು. ಈ ಬರಹವನ್ನು ಬರೆಯಲೇಬೇಕೆಂದು ನಾನು ನಿರ್ಧರಿಸಿದ್ದು ಆ ಕ್ಷಣದಲ್ಲಿ.

ಟಿಕೆಟ್ಟಿನಲ್ಲಿ 'ಗ್ಯಾಲರಿ ಪ್ರವೇಶ ಸೇರಿದೆ' ಎಂದು ಇದ್ದರೂ, ಜವಳಿ ಮತ್ತು ಕಾಗದದ ಕೃತಿಗಳ ಕೋಣೆಗಳನ್ನು ಮುಚ್ಚಿದ್ದರು. ಮುಚ್ಚಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಇಂಥ ಕೃತಿಗಳಿಗೆ ಸಾಮಾನ್ಯವಾಗಿ 50 ಲಕ್ಸಿನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕನ್ನೇ ಇಡುತ್ತಾರೆ. ಎಣ್ಣೆಯ ಹೊಗೆ, ಹಬೆ, ನೆಲಕ್ಕೆ ಬಿದ್ದ ತಿಂಡಿಯ ಚೂರು ಅವುಗಳಿಗೆ ಆಗಿ ಬರುವುದಿಲ್ಲ. ಚೂರುಗಳನ್ನು ಅರಸಿ ಬಂದ ಜಿರಲೆಗಳೂ ಹುಳುಗಳೂ ಕಾಗದ, ಬಟ್ಟೆಗಳನ್ನು ಬಿಡುವುದಿಲ್ಲ. ಮುಚ್ಚುತ್ತೇವೆಂದು ಟಿಕೆಟ್ ಮಾರುವಾಗಲೇ ಹೇಳಬೇಕಿತ್ತು. ತೆರೆದಿದ್ದ ಒಂದೇ ಕೋಣೆಯಲ್ಲಿ ಜನ ತಟ್ಟೆ ಹಿಡಿದೇ ಚಿತ್ರಗಳಿಗೆ ಒರಗಿಕೊಳ್ಳುವಷ್ಟು ಹತ್ತಿರ ನಿಂತಿದ್ದರು, ತಡೆಯುವವರು ಯಾರೂ ಇರಲಿಲ್ಲ.

ಹಣದ ವಿಷಯ ಇದಕ್ಕಿಂತ ಬೇಸರದ್ದು. ಸಂಭಾವನೆ ಇಲ್ಲ, ಪ್ರಚಾರ ಸಿಗುತ್ತದೆ ಎಂದು ಫೋನಿನಲ್ಲಿ ಹೇಳಿದ್ದರಂತೆ. ದಿನಸಿ, ಸಾಗಣೆ, ಸಹಾಯಕಿಯ ಕೂಲಿ ಎಲ್ಲವೂ ಅತ್ತಿಗೆಯ ಕೈಯಿಂದ ಹೋಯಿತು, ಹೇಳಿದ ಪ್ರಚಾರ ಹೇಗಿತ್ತೆಂಬುದನ್ನು ಮೇಲೆಯೇ ಬರೆದಿದ್ದೇನೆ. ಅಂದು ಬೆಳಗ್ಗೆ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಪಾಕವಿಧಾನ ಮತ್ತು ಛಾಯಾಚಿತ್ರಗಳನ್ನು ಆಯೋಜಕರು ಹೇಗೆ ಬೇಕಾದರೂ ಬಳಸಬಹುದು ಎಂಬ ಸಾಲು ಅದರ ಹಿಂಬದಿಯಲ್ಲಿತ್ತು. ಸಾಮಗ್ರಿಗಳ ಬರಿಯ ಪಟ್ಟಿಗೆ ಅನೇಕ ದೇಶಗಳ ಕೃತಿಸ್ವಾಮ್ಯ ಕಾನೂನಿನ ರಕ್ಷಣೆ ಇಲ್ಲ. ಆದ್ದರಿಂದ ಪಾಕವಿಧಾನವನ್ನು ಒಮ್ಮೆ ಬರೆದುಕೊಟ್ಟ ಮೇಲೆ ಅದು ತನ್ನದೆಂದು ಸಾಧಿಸುವುದು ಬಹಳ ಕಷ್ಟ. ಆ ಸಂಜೆಯ ಪಾಕವಿಧಾನಗಳು ಈಗ ಒಂದು ಕಿರುಹೊತ್ತಿಗೆಯಾಗಿ ಮಾರಾಟಕ್ಕಿವೆ, ಅದರಲ್ಲೂ ಅಡುಗೆಯವರ ಹೆಸರುಗಳಿಲ್ಲ.

ಆದ್ದರಿಂದ ಅಡುಗೆಗೆ ಕರೆ ಬಂದವರು ಸಂಭಾವನೆ ಮತ್ತು ಖರ್ಚಿನ ವಿವರವನ್ನೂ, ಪ್ರಕಟಣೆಯಲ್ಲೂ ಮೇಜಿನಲ್ಲೂ ತಮ್ಮ ಹೆಸರು ಇರುವ ಭರವಸೆಯನ್ನೂ, ತಮ್ಮ ಮೇಜಿಗೆಷ್ಟು ಆಂಪಿಯರ್, ನೀರು ಎಲ್ಲಿ, ಬಡಿಸುವುದು ಎಷ್ಟು ಹೊತ್ತಿಗೆ ಎಂಬುದನ್ನೂ ಬರಹದಲ್ಲಿ ಪಡೆಯಿರಿ; ಸಹಿಯ ಕಾಗದವನ್ನು ಹಿಂದಿನ ವಾರವೇ ಕೇಳಿ, ಒಪ್ಪದ ಸಾಲನ್ನು ಹೊಡೆದುಹಾಕಿ ಸಹಿ ಮಾಡಿ. ಟಿಕೆಟ್ ಕೊಳ್ಳುವವರು ಅಡುಗೆಯವರು ಯಾರು, ಅವರಿಗೆ ಹಣ ಕೊಡುತ್ತಿದ್ದಾರೆಯೇ, ಯಾವ ಕೋಣೆಗಳು ತೆರೆದಿರುತ್ತವೆ ಎಂದು ವಿಚಾರಿಸಿ. ಅಲರ್ಜಿ ಇದ್ದರೆ ಬಾಯಿಮಾತಿನ ಉತ್ತರವನ್ನು ನಂಬಬೇಡಿ.

ಇದನ್ನೆಲ್ಲ ನಾವಿಬ್ಬರೂ ಆಯೋಜಕರಿಗೆ ಬರೆದು ಕಳಿಸಿದ್ದೇವೆ. ಸಾಗಣೆಯ ಖರ್ಚು ಮಾತ್ರ ವಾಪಸ್ ಬಂದಿದೆ. ಅಲರ್ಜಿಯ ವಿವರವನ್ನು ಮುಂದೆ ಕಾರ್ಡಿನ ಮೇಲೆ ಮುದ್ರಿಸುವುದಾಗಿ ಒಪ್ಪಿಕೊಂಡಿದ್ದಾರೆ. ಕಿರುಹೊತ್ತಿಗೆಯಲ್ಲಿ ಹೆಸರು ಸೇರಿಸುವ ಬಗ್ಗೆ ಉತ್ತರ ಬಂದಿಲ್ಲ. ಬಂದ ಕೂಡಲೇ ತಿಳಿಸುತ್ತೇನೆ.