ಮೆಟಾಲಿಕಾದ '72 ಸೀಸನ್ಸ್': ಉದ್ದ ಜಾಸ್ತಿ, ಆದ್ರೂ ಬಿಡಕ್ಕಾಗಲ್ಲ

2011ರಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲಿ ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದವ್ರು ಬಂದು ನುಡಿಸಿ ಹೋದಾಗಿಂದ ಅವ್ರ ಯಾವ ಆಲ್ಬಂ ಬಂದ್ರೂ ನಮ್ ಗೆಳೆಯರಲ್ಲಿ ಜಗಳ ಗ್ಯಾರಂಟಿ. 2023ರ ಈ ಆಲ್ಬಂಗೂ ಅಷ್ಟೇ, 12 ಹಾಡು 77 ನಿಮಿಷ, ಸುಮ್ನೆ ಎಳ್ದಿದಾರೆ ಅಂತ ಒಬ್ರು, ಹಳೇ ಖದರ್ ವಾಪಸ್ ಬಂತು ಅಂತ ಇನ್ನೊಬ್ರು. ನಂಗೆ ಎರಡೂ ನಿಜ ಅನ್ಸುತ್ತೆ, ಮಧ್ಯದ ಒಂದೆರಡು ಹಾಡು ಒಂದೇ ಥರ ಕೇಳ್ಸುತ್ತೆ. ಆದ್ರೆ ಕೊನೇದು 'ಇನಮೊರಾಟಾ' ಇದೆಯಲ್ಲ, 11 ನಿಮಿಷ, ಅವ್ರ ಸ್ವಂತ ಹಾಡುಗಳಲ್ಲೇ ಅತಿ ಉದ್ದದ್ದು, ನಡುವೆ ಗಿಟಾರ್ ಅಬ್ಬರ ತಣ್ಣಗಾಗಿ ಬೇಸ್ ಮುಂದೆ ಬರೋ ಜಾಗಕ್ಕೆ ಮೈ ಜುಮ್ ಅನ್ನುತ್ತೆ. 72 ಋತು ಅಂದ್ರೆ, ಅವ್ರ ಕಡೆ ವರ್ಷಕ್ಕೆ ನಾಲ್ಕೇ ಋತು ಲೆಕ್ಕದಲ್ಲಿ, ಬದುಕಿನ ಮೊದಲ 18 ವರ್ಷ, ಅದು ಗೊತ್ತಾದ್ಮೇಲೆ ಸಾಹಿತ್ಯ ಇನ್ನೂ ನಾಟ್ತು. ಹೆಡ್‌ಫೋನ್ ಹಾಕ್ಕೊಂಡೇ ಕೇಳಿ.