ನೆರಳಿನ ಹಿತ್ತಲಿಗೆ ಗಿಡ ಕೊಟ್ಟ ನರ್ಸರಿ

ಹಲಸು ಮತ್ತು ಸಿಲ್ವರ್ ಓಕ್ ಮರಗಳಡಿ ಬಿಸಿಲೇ ಬೀಳದ ನಮ್ಮ ಹಿತ್ತಲಿಗಾಗಿ, ಚಿಕ್ಕಮಗಳೂರಿನ ಹೊರವಲಯದ ಸಣ್ಣ ನರ್ಸರಿಯೊಂದರಿಂದ ಕಳೆದ ವರ್ಷ ಪೀಸ್ ಲಿಲಿ, ಆಂಥೂರಿಯಂ ಹಾಗೂ ಜರಿಗಿಡಗಳನ್ನು ತಂದಿದ್ದೆವು. ನೆರಳು ಎಷ್ಟು ದಟ್ಟ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆಯೇ ಎಂದು ಅಲ್ಲಿನವರು ಮೊದಲೇ ವಿಚಾರಿಸಿದರು. ಮರದ ಬೇರುಗಳು ತೇವವನ್ನೂ ಸತ್ವವನ್ನೂ ಹೀರಿಕೊಳ್ಳುವುದರಿಂದ ಮಣ್ಣಿಗೆ ಎಲೆಗೊಬ್ಬರ ಬೆರೆಸಿ, ಬುಡಕ್ಕೆ ತರಗೆಲೆ ಹೊದಿಸಬೇಕೆಂದು ಅವರು ಹೇಳಿದ್ದು ಬೇಸಿಗೆಯಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂತು. ಪೀಸ್ ಲಿಲಿ ಎರಡು ಬಾರಿ ಹೂಬಿಟ್ಟಿದೆ. ಆದರೆ ತೆಂಗಿನ ನಾರು, ಇದ್ದಿಲ ಚೂರುಗಳಂತಹ ಸಡಿಲ ಮಿಶ್ರಣವನ್ನು ಬಯಸುವ ಆಂಥೂರಿಯಂ ಅನ್ನು ಅಂಟುಮಣ್ಣು ತುಂಬಿದ ಕವರಿನಲ್ಲಿ ಕೊಟ್ಟಿದ್ದರಿಂದ, ಆಷಾಢದ ಮಳೆಗೆ ಎರಡು ಗಿಡಗಳ ಬೇರು ಕೊಳೆತುಹೋಯಿತು. ಬೆಲೆಯೂ ತುಸು ಹೆಚ್ಚೇ. ತೋಟದ ಬದುವಿನಲ್ಲಿ ತಾನಾಗಿ ಬೆಳೆಯುವ ಜರಿಗಿಡಕ್ಕೆ ಹಣ ಕೊಡುವುದು ಮಲೆನಾಡಿನವರಾದ ನಮಗೆ ಹೇಗೂ ಸಂಕೋಚದ ಸಂಗತಿ.